ಪರೀಕ್ಷೆಗೆ ನಿಲ್ಲದ ಸಿದ್ಧಿ

ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ವೈದ್ಯರೊಬ್ಬರು ಆಡಿದ ಮಾತು ಇನ್ನೂ ನನ್ನ ತಲೆಯಲ್ಲಿ ಕೊರೆಯುತ್ತಿದೆ. "ನಮ್ಮ ಯೋಗಿಗಳು ಹೃದಯವನ್ನೇ ನಿಲ್ಲಿಸಿ ಮತ್ತೆ ಶುರು ಮಾಡ್ತಾರೆ. ಕಥೆ ಅಲ್ಲ ಇದು, ಲ್ಯಾಬಲ್ಲಿ ಸಾಬೀತಾಗಿರೋದು" ಅಂದರು. ಎದುರು ಸಾಲಿನವರು ಹೌದು ಹೌದೆಂದು ತಲೆಯಾಡಿಸಿದರು. ಯಾರೋ ಹಿಮಾಲಯದ ಬಾಬಾ ಒಬ್ಬರ ವಿಷಯ ತೆಗೆದರು. ಇನ್ನೊಬ್ಬರು ತಮ್ಮ ಅಜ್ಜನ ಗುರುಗಳು ಒಂದೇ ಹೊತ್ತಿಗೆ ಎರಡು ಊರಲ್ಲಿ ಕಾಣಿಸಿಕೊಂಡದ್ದನ್ನು ಹೇಳಿದರು. ಅಜ್ಜನ ಗುರುಗಳ ಕಥೆ ನನ್ನನ್ನು ಕಾಡಲಿಲ್ಲ. ಅಂಥವನ್ನು ಕೇಳುತ್ತಲೇ ಬೆಳೆದವರು ನಾವು. ಕಾಡಿದ್ದು ವೈದ್ಯರ ಮಾತು. ದಿನಬೆಳಗಾದರೆ ಇಸಿಜಿ ನೋಡುವವರು, ಹೊಸ ಮಾತ್ರೆಯ ಗುಣಗಾನ ಮಾಡಲು ಕಂಪನಿಯವರು ಬಂದರೆ 'ಟ್ರಯಲ್ ಎಲ್ಲಾಯಿತು, ಎಷ್ಟು ಜನರ ಮೇಲಾಯಿತು' ಎಂದು ಕೇಳಿಯೇ ಮುಂದಿನ ಮಾತಾಡುವವರು. ಅದೇ ಪ್ರಶ್ನೆ ಯೋಗಿಯ ವಿಷಯದಲ್ಲಿ ಅವರ ಬಾಯಿಗೆ ಏಕೆ ಬರಲಿಲ್ಲ? ಆ ಪಂಕ್ತಿಯಲ್ಲಿ ಯಾರ ಬಾಯಿಗೂ ಏಕೆ ಬರಲಿಲ್ಲ?

ಆದರೂ 'ಲ್ಯಾಬಲ್ಲಿ ಸಾಬೀತಾಗಿದೆ' ಎಂಬ ಮಾತಿಗೆ ಒಂದು ಗುಣವಿದೆ. ಎರಡೂರಲ್ಲಿ ಕಂಡ ಗುರುಗಳನ್ನು ಈಗ ಹುಡುಕಿಕೊಂಡು ಹೋಗಲಾಗದು, ಲ್ಯಾಬಿನ ದಾಖಲೆಯನ್ನು ಹುಡುಕಬಹುದು. ಹುಡುಕಿದೆ.

ನಾಡಿ ಸಿಗದಿದ್ದರೆ ಹೃದಯ ನಿಂತಂತೆಯೇ?

1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ತೆರೆಸ್ ಬ್ರಾಸ್ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದರು. ಆಕೆ ತೆಗೆದ ದಾಖಲೆಯೊಂದರಲ್ಲಿ ಯೋಗಿಯ ಹೃದಯದ ಅಲೆ ಬಹುತೇಕ ಸೊನ್ನೆಗೆ ಇಳಿದಂತೆ ಕಂಡಿತು. ಯೋಗಿ ಹೃದಯ ನಿಲ್ಲಿಸಬಲ್ಲ ಎಂಬ ಹಳೆಯ ಮಾತಿಗೆ ವಿಜ್ಞಾನದ ಮುದ್ರೆ ಬಿದ್ದದ್ದು ಬಹುಮಟ್ಟಿಗೆ ಅಲ್ಲಿಂದ. ಎರಡು ದಶಕಗಳ ನಂತರ ಅಮೆರಿಕದ ವೆಂಗರ್ ಮತ್ತು ಬಾಗ್ಚಿ, ದೆಹಲಿಯ ಏಮ್ಸ್‌ನ ಬಿ. ಕೆ. ಆನಂದ್ ಅವರೊಂದಿಗೆ ಸೇರಿ ಇದನ್ನು ಮತ್ತೆ ಕೈಗೆತ್ತಿಕೊಂಡರು. ಇವರಲ್ಲಿ ಬಾಗ್ಚಿಯವರು ಹಿಂದೆ ಸ್ವಾಮಿ ಧೀರಾನಂದ ಎಂಬ ಹೆಸರಿನಲ್ಲಿ ಸನ್ಯಾಸಿಯಾಗಿದ್ದವರು. ಯೋಗವನ್ನು ಹೀಗಳೆಯಲು ಹೊರಟ ತಂಡ ಇದಾಗಿರಲಿಲ್ಲ ಎಂಬುದು ಮುಖ್ಯ, ಅದಕ್ಕೇ ಈ ವಿವರ ಹೇಳುತ್ತಿದ್ದೇನೆ. ಹೃದಯವನ್ನೋ ನಾಡಿಯನ್ನೋ ಹತೋಟಿಗೆ ತರುತ್ತೇವೆಂದ ನಾಲ್ವರು ಅವರ ಯಂತ್ರದ ಮುಂದೆ ಕೂತರು. ಹಿಂದೆ ಬ್ರಾಸ್ ಪರೀಕ್ಷಿಸಿದ್ದವರೂ ಅವರಲ್ಲಿ ಒಬ್ಬರು. ಫಲಿತಾಂಶ 1961ರಲ್ಲಿ 'ಸರ್ಕ್ಯುಲೇಷನ್' ಎಂಬ ಹೃದಯವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾರ ಹೃದಯವೂ ನಿಂತಿರಲಿಲ್ಲ.

ನಡೆದದ್ದು ಏನೆಂಬುದು ನನಗೆ ಪವಾಡಕ್ಕಿಂತ ಹೆಚ್ಚು ರೋಚಕವಾಗಿ ಕಂಡಿತು. ಉಸಿರೆಳೆದು, ಗಂಟಲನ್ನು ಒಳಗಿಂದಲೇ ಮುಚ್ಚಿ, ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲವಾಗಿ ಬಿಗಿದರೆ ಎದೆಗೂಡಿನ ಒಳಗಿನ ಒತ್ತಡ ಏರುತ್ತದೆ. ಮೈಯಿಂದ ಹೃದಯಕ್ಕೆ ಮರಳಿ ಬರುವ ರಕ್ತ ಕಡಿಮೆಯಾಗುತ್ತದೆ. ಒಳಬಂದದ್ದೇ ಕಡಿಮೆಯಾದಾಗ ಹೃದಯ ಹೊರದೂಡುವುದೂ ಕಡಿಮೆ. ಮಣಿಕಟ್ಟಿನ ನಾಡಿ ಬೆರಳಿಗೆ ಸಿಗದಷ್ಟು ಕ್ಷೀಣಿಸುತ್ತದೆ. ಬಿಗಿದ ಸ್ನಾಯುಗಳ ಸದ್ದಿನಲ್ಲಿ ಸ್ಟೆತಾಸ್ಕೋಪಿಗೂ ಲಬ್‌ಡಬ್ ಕೇಳಿಸುವುದಿಲ್ಲ. ನಾಡಿ ಹಿಡಿದ ವೈದ್ಯ, ಎದೆಗೆ ಕಿವಿಯಿಟ್ಟ ವೈದ್ಯ ಇಬ್ಬರೂ 'ನಿಂತಿದೆ' ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಇಸಿಜಿಯ ಮುಳ್ಳು ಮಾತ್ರ ಬಡಿತದ ಮೇಲೆ ಬಡಿತ ಬರೆಯುತ್ತಲೇ ಇರುತ್ತದೆ. ಬ್ರಾಸ್ ಅವರ ದಾಖಲೆಯ ಗುಟ್ಟೂ ಇದರ ಹತ್ತಿರದ್ದೇ: ಹಾಗೆ ಉಸಿರು ಬಿಗಿಹಿಡಿದಾಗ ಎದೆಯೊಳಗೆ ಹೃದಯದ ನಿಲುವು ಕೊಂಚ ತಿರುಗುತ್ತದೆ, ಒಂದೇ ಲೀಡಿನಿಂದ, ಅಂದರೆ ತಂತಿಗಳ ಒಂದೇ ಕೋನದಿಂದ, ನೋಡಿದರೆ ಅಲೆ ಕುಗ್ಗಿದಂತೆ ತೋರುತ್ತದೆ. (ಜಾತ್ರೆಗಳಲ್ಲಿ 'ನಾಡಿ ನಿಲ್ಲಿಸಿ' ತೋರಿಸುವವರಿಗೆ ಇಷ್ಟೂ ಶ್ರಮ ಬೇಕಿಲ್ಲ. ಕಂಕುಳಲ್ಲಿ ಒಂದು ನಿಂಬೆಹಣ್ಣನ್ನೋ ಉಂಡೆ ಮಾಡಿದ ಕರವಸ್ತ್ರವನ್ನೋ ಇಟ್ಟುಕೊಂಡು ತೋಳನ್ನು ಒತ್ತಿದರೆ ಕೈಗೆ ಹರಿಯುವ ರಕ್ತನಾಳ ಅದುಮಿಕೊಂಡು ಮಣಿಕಟ್ಟಿನ ನಾಡಿ ಮಾಯವಾಗುತ್ತದೆ.)

ಇನ್ನೂ ಕೆಲವು ದಾಖಲೆಗಳಿವೆ. 1970ರಲ್ಲಿ ಅಮೆರಿಕದ ಮೆನಿಂಜರ್ ಫೌಂಡೇಶನ್‌ನಲ್ಲಿ ಸ್ವಾಮಿ ರಾಮ ಅವರು 'ಹೃದಯ ನಿಲ್ಲಿಸಿದ'ರು ಎಂದು ಇಂದಿಗೂ ಭಾಷಣಗಳಲ್ಲಿ ಕೇಳುತ್ತೇವೆ. ಅಲ್ಲಿ ದಾಖಲಾದದ್ದು ಅದಕ್ಕೆ ತದ್ವಿರುದ್ಧ. ಸುಮಾರು 17 ಸೆಕೆಂಡುಗಳ ಕಾಲ ಹೃದಯ ನಿಮಿಷಕ್ಕೆ 300ರ ಆಸುಪಾಸಿನ ವೇಗದಲ್ಲಿ ಅದುರಿತ್ತು. ಅಷ್ಟು ವೇಗದಲ್ಲಿ ಅದುರುವಾಗ ಕೋಣೆಗಳು ತುಂಬಿಕೊಳ್ಳಲು ವೇಳೆಯೇ ಸಿಗದೆ ರಕ್ತ ಸರಿಯಾಗಿ ಮುಂದೆ ಹೋಗುವುದಿಲ್ಲ, ನಾಡಿ ತಪ್ಪುತ್ತದೆ. ತಾನಾಗಿ ಇದನ್ನು ಮಾಡಿಕೊಳ್ಳುವುದು ಅಚ್ಚರಿಯ ಸಂಗತಿಯೇ. ಆದರೆ ಅದು ನಿಂತ ಹೃದಯವಲ್ಲ. 1973ರಲ್ಲಿ ಪ್ರಕಟವಾದ ಉದಯಪುರದ ಪ್ರಯೋಗ ಇವೆಲ್ಲಕ್ಕಿಂತ ವಿಚಿತ್ರ. ಸತ್ಯಮೂರ್ತಿ ಎಂಬ ಯೋಗಿ ನೆಲದೊಳಗಿನ ಗುಂಡಿಯಲ್ಲಿ ಎಂಟು ದಿನ ಕೂತರು, ಮೈಗೆ ಇಸಿಜಿ ತಂತಿಗಳಿದ್ದವು. ಮೊದಲು ಬಡಿತ ವಿಪರೀತ ಏರಿತು, ಎರಡನೆಯ ದಿನ ಗೆರೆ ನೇರವಾಯಿತು, ಗುಂಡಿ ತೆರೆಯಲು ಗೊತ್ತುಮಾಡಿದ್ದ ಸಮಯಕ್ಕೆ ಅರ್ಧ ಗಂಟೆ ಮೊದಲು ಬಡಿತ ಮರಳಿತು. ಯೋಗಿ ಜೀವಂತವಾಗಿ ಹೊರಬಂದರು. ತಂತಿ ಕಳಚಿದ್ದರೆ ದಾಖಲೆಯಲ್ಲಿ ಅದರ ಗದ್ದಲ ಕಾಣಬೇಕಿತ್ತು ಎಂದು ವೈದ್ಯರು ವಾದಿಸಿದರು. ಹೃದಯ ನಿಂತರೆ ಮಿದುಳು ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ ಎಂಬುದು ಲಕ್ಷಾಂತರ ಸಾವುಗಳಿಂದ ನಾವು ಕಲಿತ ಪಾಠ. ಅದನ್ನು ಬದಿಗೆ ಸರಿಸಲು, ಗುಂಡಿಯೊಳಗೆ ಒಂಟಿಯಾಗಿದ್ದ, ತಂತಿಗಳಿಗೆ ಕೈ ಎಟುಕುತ್ತಿದ್ದ ಒಬ್ಬರ ಮೇಲಿನ ಒಂದು ಪ್ರಯೋಗ ನನಗೆ ಸಾಲದು. ಅದಕ್ಕಿಂತ ಹಿಂದಿನ ಇನ್ನೊಂದು ಕೆಲಸ ಎಷ್ಟೋ ಗಟ್ಟಿ: 1961ರಲ್ಲಿ ಪ್ರಕಟವಾದ ಏಮ್ಸ್‌ನ ಪ್ರಯೋಗದಲ್ಲಿ ರಮಾನಂದ ಯೋಗಿ ಗಾಳಿಯಾಡದ ಪೆಟ್ಟಿಗೆಯೊಳಗೆ ಕೂತು ತಮ್ಮ ಆಮ್ಲಜನಕದ ಬಳಕೆಯನ್ನು ಸಾಮಾನ್ಯಕ್ಕಿಂತ ಸ್ಪಷ್ಟವಾಗಿ ಇಳಿಸಿ ತೋರಿಸಿದರು. ಹಾರಲಿಲ್ಲ, ಸಾಯದೆ ಸಾಯಲಿಲ್ಲ. ಮೈಮನಸ್ಸನ್ನು ಶಾಂತಗೊಳಿಸಿ ಕಡಿಮೆ ಉಸಿರಿನಲ್ಲಿ ಇದ್ದರು. ಯೋಗಾಭ್ಯಾಸದಿಂದ ನಿಜಕ್ಕೂ ದಕ್ಕುವುದು ಇಂಥದ್ದು, ಮತ್ತು ಇದನ್ನು ನಾನು ತುಂಬು ಗೌರವದಿಂದ ಹೇಳುತ್ತಿದ್ದೇನೆ.

ಇದನ್ನೆಲ್ಲ ಆ ವೈದ್ಯರಿಗೆ ಕಳುಹಿಸಿದೆ. ಅವರು ಸಜ್ಜನರು, ಪೂರ್ತಿ ಓದಿದರು. ನಂತರ ಬಂದ ಉತ್ತರ ಹೀಗಿತ್ತು: "ನಿಜವಾದ ಯೋಗಿಗಳು ಲ್ಯಾಬಿಗೆ ಬರೋದಿಲ್ಲ." ಲ್ಯಾಬಿನಲ್ಲಿ ಸಾಬೀತಾಗಿದೆ ಎಂದಾಗ ಲ್ಯಾಬು ಸಾಕ್ಷಿ. ಇಲ್ಲ ಎಂದು ತಿಳಿದಾಗ ಲ್ಯಾಬಿಗೆ ಬಂದವರೇ ನಿಜವಾದವರಲ್ಲ. ಅವರು ಬುದ್ಧಿವಂತಿಕೆಯಿಂದ ನುಣುಚಿಕೊಂಡರು ಎಂದು ನನಗನ್ನಿಸಲಿಲ್ಲ. ಆ ನಂಬಿಕೆಗೆ ಲ್ಯಾಬಿನ ಊರುಗೋಲು ಎಂದೂ ಬೇಕಿರಲಿಲ್ಲ, ಅಷ್ಟೆ. ಅದು ನಿಂತಿದ್ದದ್ದು ಬೇರೆ ನೆಲದ ಮೇಲೆ. ಆ ನೆಲ ಯಾವುದೆಂದು ನನಗೆ ಅರ್ಥವಾಗಿದ್ದು ಪತ್ರಿಕೆಗಳಿಂದಲ್ಲ, ನಮ್ಮ ಚಿಕ್ಕಮ್ಮನಿಂದ.

ಹೊರಗಿನ ಬೆಂಚಿನ ಮೇಲೆ

ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹಿಮ್ಮಡಿಯ ಗಾಯ ಮಾಯುತ್ತಿರಲಿಲ್ಲ. ಯಾರೋ ಹೇಳಿದರೆಂದು ಚಿಕ್ಕಮ್ಮ ಒಂದು ಆಶ್ರಮಕ್ಕೆ ಹೊರಟರು, ಜೊತೆಗೆ ನಾನು. 'ಎದುರು ಕೂತವರ ಮನಸ್ಸು ಓದುತ್ತಾರೆ, ನಾವು ಬಾಯಿ ಬಿಡುವುದೇ ಬೇಡ' ಎಂದು ಆ ಗುರುಗಳ ಖ್ಯಾತಿ. ದರ್ಶನದ ಕೋಣೆಯ ಹೊರಗೆ ಉದ್ದನೆಯ ಪಡಸಾಲೆ, ಬೆಂಚುಗಳು, ಕುಡಿಯಲು ಮಜ್ಜಿಗೆ. ಬಿಳಿ ಸೀರೆ ಉಟ್ಟ ಸೇವಾಕರ್ತೆಯೊಬ್ಬರು ಲೋಟ ಕೊಡುತ್ತಾ ಪ್ರತಿಯೊಬ್ಬರ ಪಕ್ಕದಲ್ಲೂ ಒಂದೆರಡು ನಿಮಿಷ ಕೂರುತ್ತಿದ್ದರು. ಅಷ್ಟು ಮೃದುವಾದ ದನಿ, ನೋಡಿದರೆ ಸ್ವಂತ ಅಕ್ಕನಂತೆ. "ದೂರದಿಂದ ಬಂದ್ರಾ ಅಮ್ಮ? ಯಾರಿಗೆ ಹುಷಾರಿಲ್ಲ? ಯಜಮಾನ್ರಿಗಾ? ಪಾಪ, ನಡೆಯೋಕೆ ಆಗುತ್ತಾ?" ಚಿಕ್ಕಮ್ಮ ಎಲ್ಲ ಹೇಳಿಕೊಂಡರು: ಕಾಲು, ಗಾಯ, ಸೂಜಿ, ಮಗಳ ಮದುವೆ ಇನ್ನೂ ಆಗದಿರುವುದು. ಹೇಳಿಕೊಂಡು ಹಗುರಾದರು. ನಂತರ ಆಕೆ ಎದ್ದು ಒಳಗೆ ಹೋದರು. ನಾವು ಇನ್ನೂ ಬಹಳ ಹೊತ್ತು ಕಾದೆವು.

ಒಳಗೆ ಗುರುಗಳು ಕಣ್ಣು ಮುಚ್ಚಿ ಕೂತಿದ್ದರು. ಚಿಕ್ಕಮ್ಮ ನಮಸ್ಕರಿಸಿ ಏಳುವ ಮೊದಲೇ, "ಕಾಲು... ಬಲಗಾಲು. ಮನೆಯ ಯಜಮಾನನ ಕಾಲು ನನಗೆ ಕಾಣ್ತಾ ಇದೆ" ಅಂದರು. ಸ್ವಲ್ಪ ತಡೆದು, "ಹೆಣ್ಣುಮಗಳೊಬ್ಬಳ ಚಿಂತೆಯೂ ಇದೆ" ಅಂದರು. ಚಿಕ್ಕಮ್ಮ ಅತ್ತ ಅಳು ನನಗೆ ಈಗಲೂ ಕೇಳಿಸುತ್ತದೆ. ಅದು ದುಃಖದ ಅಳುವಲ್ಲ. ತನ್ನ ಸಂಕಟವನ್ನು ಒಬ್ಬರು ಹೇಳದೆಯೇ ತಿಳಿದರು, ತಾನು ಈ ಲೋಕದಲ್ಲಿ ಒಂಟಿಯಲ್ಲ ಎಂಬ ಬಿಡುಗಡೆ. ಗುರುಗಳು ತೀರ್ಥ ಕೊಟ್ಟರು, ದಿನಕ್ಕೆ ಮೂರು ಹೊತ್ತು ಗಾಯದ ಮೇಲೆ ಹಾಕಲು ಹೇಳಿದರು. ಏಳುವಾಗ ಮತ್ತೊಂದು ಮಾತು: "ಇನ್ನು ಆ ಸೂಜಿಯ ಹಂಗು ಬೇಡ."

ವಾಪಸು ಬರುವ ಬಸ್ಸಿನಲ್ಲಿ ಹೊರಗಿನ ಬೆಂಚಿನ ವಿಷಯ ಹೇಳಿದೆ. ಚಿಕ್ಕಮ್ಮ ನನ್ನನ್ನೇ ನೋಡಿದರು. "ಯಾವ ಹೆಂಗಸು?" ಅಂದರು. ಮಜ್ಜಿಗೆ ಕೊಟ್ಟವರು ಅಂದೆ. "ಮಜ್ಜಿಗೆ ಕೊಟ್ಟರು, ಮಾತಾಡಲಿಲ್ಲ" ಅಂದರು. ಹಟ ಮಾಡುತ್ತಿರಲಿಲ್ಲ ಅವರು. ಬೆಂಚಿನ ಮೇಲಿನ ಮಾತು ಅವರ ನೆನಪಿನಲ್ಲಿ ಉಳಿದಿರಲೇ ಇಲ್ಲ. ಒಳಗೆ ನಡೆದದ್ದರ ಪ್ರಖರತೆಯಲ್ಲಿ ಹೊರಗೆ ನಡೆದದ್ದು ಅಳಿಸಿಹೋಗಿತ್ತು. ಮನೆ ತಲುಪಿದ ಮೇಲೆ ಅವರು ಅದನ್ನು ಹೇಳಿದ ರೀತಿಯಲ್ಲಿ ಬಲಗಾಲಿನ ಜೊತೆಗೆ ಹಿಮ್ಮಡಿಯೂ ಸೇರಿಕೊಂಡಿತ್ತು. ಕೆಲವು ವಾರಗಳ ನಂತರ ಗುರುಗಳು ಮಗಳ ಹೆಸರನ್ನೂ ಹೇಳಿದ್ದರು ಎಂದಾಯಿತು. ನಾನು ಅಲ್ಲೇ ಪಕ್ಕದಲ್ಲಿ ಕೂತಿದ್ದೆ, ಹೆಸರು ಬಂದಿರಲಿಲ್ಲ. ಚಿಕ್ಕಮ್ಮ ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. 'ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ' ಎಂದು ಆಣೆ ಮಾಡುವ ಎಷ್ಟೋ ಜನ ಅವರಂತೆಯೇ ಸತ್ಯವಂತರು. ಪವಾಡಗಳ ಸಾಕ್ಷಿಗಳೆಲ್ಲ ಸುಳ್ಳುಗಾರರು ಎಂದುಕೊಂಡು ಹೊರಡುವ ವಿಚಾರವಾದಿಗಳ ಮೇಲೆ ನನಗಿರುವ ತಕರಾರು ಇದೇ. ನೆನಪು ನಡೆದದ್ದನ್ನು ಇದ್ದಂತೆ ಕಾಪಿಡುವುದಿಲ್ಲ. ಪ್ರತಿಸಲ ಹೇಳುವಾಗಲೂ ಅದನ್ನು ಹೊಸದಾಗಿ ಕಟ್ಟುತ್ತದೆ, ನಮಗೆ ಯಾವುದು ಬೇಕಿತ್ತೋ ಅದರ ಕಡೆಗೆ ವಾಲಿಸಿ ಕಟ್ಟುತ್ತದೆ. ಅದಕ್ಕೇ ಸಾಕ್ಷಿಯ ಪ್ರಾಮಾಣಿಕತೆಯೊಂದೇ ಪವಾಡಕ್ಕೆ ಪುರಾವೆಯಾಗದು.

ಚಿಕ್ಕಪ್ಪ ಇನ್ಸುಲಿನ್ ಬಿಟ್ಟರು. ಮನೆಯವರು ಗದ್ದಲ ಮಾಡಿ ಮತ್ತೆ ಶುರು ಮಾಡಿಸುವಷ್ಟರಲ್ಲಿ ಗಾಯ ಕಪ್ಪಾಗಿತ್ತು. ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಸೂಜಿ ಬಿಡದೇ ಇದ್ದಿದ್ದರೆ ಕಾಲು ಖಂಡಿತ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ, ಅಂಥ ಗಾಯಗಳ ಸ್ವಭಾವ ಹಾಗೆ. ಬಿಟ್ಟದ್ದರಿಂದ ಕೆಟ್ಟಿತು ಎಂಬುದರಲ್ಲಿ ಅನುಮಾನವಿಲ್ಲ. ಇಂದಿಗೂ ಆ ಮಾತು ಬಂದರೆ ಚಿಕ್ಕಮ್ಮ ಕೇಳುವುದು ಒಂದೇ: "ಅದೆಲ್ಲ ಸರಿ. ಆದ್ರೆ ಅವರಿಗೆ ಹೇಗೆ ಗೊತ್ತಾಯ್ತು ಹೇಳು?" ಒಂದು ಸಣ್ಣ ವಿಷಯ ಅತೀಂದ್ರಿಯವಾಗಿ ತಿಳಿದಿದೆ ಎಂದು ಒಪ್ಪಿದ ಮೇಲೆ, ಆ ವ್ಯಕ್ತಿ ಆಡುವ ಮುಂದಿನ ಮಾತಿಗೆಲ್ಲ ಅದೇ ಅಧಿಕಾರ ಬಂದುಬಿಡುತ್ತದೆ. ಬಲಗಾಲು ಗೊತ್ತಾದವರಿಗೆ ಇನ್ಸುಲಿನ್ ಗೊತ್ತಿಲ್ಲದೆ ಇದ್ದೀತೆ? 'ನಂಬಿದರೆ ನಿನಗೇನು ನಷ್ಟ, ಅವರ ಪಾಡಿಗೆ ಅವರು' ಎನ್ನುವ ಗೆಳೆಯರಿಗೆ ನಾನು ಕೊಡುವ ಉತ್ತರ ಚಿಕ್ಕಪ್ಪನ ಕಾಲು.

ಗೋರಕ್ಷನ ಕತ್ತಿ

ಇಷ್ಟು ಹೇಳಿದರೆ ಒಂದು ಮಾತು ಬಂದೇ ಬರುತ್ತದೆ: ಇದೆಲ್ಲ ಪಶ್ಚಿಮದಿಂದ ಕಲಿತ ಸಂಶಯ, ನಮ್ಮ ಪರಂಪರೆಯಲ್ಲಿ ಗುರುವನ್ನು ಪರೀಕ್ಷಿಸುವ ಪದ್ಧತಿ ಇಲ್ಲ. ಕನ್ನಡದಲ್ಲಿ ಹುಟ್ಟಿದವರು ಈ ಮಾತನ್ನು ಹೇಗೆ ಆಡುತ್ತಾರೋ ತಿಳಿಯದು. ಅಲ್ಲಮ ಮತ್ತು ಗೋರಕ್ಷರ ಮುಖಾಮುಖಿಯನ್ನು ನಾವು ಶಾಲೆಯಲ್ಲಿ, ಹರಿಕಥೆಯಲ್ಲಿ, ಬಯಲಾಟದಲ್ಲಿ ಕೇಳಿದವರಲ್ಲವೇ? ಕಾಯಸಿದ್ಧಿ ಪಡೆದು ಮೈಯನ್ನು ವಜ್ರವಾಗಿಸಿಕೊಂಡವನು ಗೋರಕ್ಷ. ನನ್ನ ದೇಹಕ್ಕೆ ಸಾವಿಲ್ಲ, ಬೇಕಾದರೆ ಕಡಿದು ನೋಡು ಎಂದು ಅವನೇ ಕತ್ತಿ ಕೊಡುತ್ತಾನೆ. ಅಲ್ಲಮ ಕಡಿಯುತ್ತಾನೆ. ಕತ್ತಿ ಖಣಿಲೆನ್ನುತ್ತದೆ, ಕೂದಲೂ ಕೊಂಕುವುದಿಲ್ಲ. ಆ ಸದ್ದು ಕೇಳಿ ಅಲ್ಲಮನಿಗೆ ಮೆಚ್ಚುಗೆಯಾಗುವುದಿಲ್ಲ. ಸದ್ದು ಬಂತೆಂದರೆ ಅಲ್ಲಿ ಇನ್ನೂ ತಡೆಯುವ 'ನಾನು' ಉಳಿದಿದೆ ಎಂಬುದು ಅವನ ಎಣಿಕೆ. ತಿರುಗಿ ಗೋರಕ್ಷ ಬೀಸಿದಾಗ ಕತ್ತಿ ಬಯಲಲ್ಲಿ ಆಡಿದಂತೆ ಅಲ್ಲಮನ ಮೈಯಲ್ಲಿ ಹಾದುಹೋಗುತ್ತದೆ.

ಇದೂ ಒಂದು ಪವಾಡದ ಕಥೆಯೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಇದರಿಂದ ಭೌತಶಾಸ್ತ್ರದ ಪಾಠ ಹೊರಡದು. ಆದರೆ ಕಥೆ ಯಾವುದರ ಕಡೆ ನಿಂತಿದೆ ನೋಡಿ. ಸಿದ್ಧಿಯನ್ನು ಎಲ್ಲರ ಮುಂದೆ ಪರೀಕ್ಷೆಗೆ ಇಡಲಾಗುತ್ತದೆ. ಪರೀಕ್ಷೆ ಬೇಡಿದ್ದು ಅವಮಾನವೆಂದು ಯಾರಿಗೂ ಅನಿಸುವುದಿಲ್ಲ, ಕತ್ತಿಯನ್ನು ಸಿದ್ಧನೇ ಕೊಡುತ್ತಾನೆ. ಸೋತವನು ನೆಪ ಹೇಳದೆ ಒಪ್ಪಿಕೊಳ್ಳುತ್ತಾನೆ. ಮತ್ತು ವರ್ಷಗಟ್ಟಲೆ ಸಾಧಿಸಿದ ಕಾಯಸಿದ್ಧಿ ಆಧ್ಯಾತ್ಮದ ಲೆಕ್ಕದಲ್ಲಿ ಏನೂ ಅಲ್ಲ ಎಂದು ಕಥೆ ನಿಷ್ಠುರವಾಗಿ ಹೇಳುತ್ತದೆ. ಪತಂಜಲಿಯ ಯೋಗಸೂತ್ರದಲ್ಲಿ ಸಿದ್ಧಿಗಳನ್ನು ಹೇಳುವ ವಿಭೂತಿಪಾದದಲ್ಲೂ ಇದೇ ನಿಲುವಿದೆ. ಆನೆಯ ಬಲ, ಅದೃಶ್ಯವಾಗುವುದು, ಆಕಾಶದಲ್ಲಿ ಸಂಚರಿಸುವುದು ಎಲ್ಲದರ ಪಟ್ಟಿ ಅಲ್ಲಿದೆ, ಜೊತೆಗೆ ಇವು ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಇದೆ. ಬುದ್ಧನು ಭಿಕ್ಷುಗಳು ಜನರ ಮುಂದೆ ಪವಾಡ ತೋರಿಸುವುದನ್ನೇ ನಿಷೇಧಿಸಿದ್ದನ್ನು ಭಿಕ್ಷುಗಳ ನಿಯಮಗಳ ಸಂಗ್ರಹವಾದ 'ವಿನಯ' ಹೇಳುತ್ತದೆ. ಹೀಗಿರುವಾಗ ವಿಭೂತಿ ಉದುರಿಸುವುದನ್ನೇ ದೈವತ್ವದ ಗುರುತಾಗಿ ನಿಲ್ಲಿಸಿದ್ದು ಯಾವ ಪರಂಪರೆ?

ಕುಂಬಳಕಾಯಿ ಕೇಳಿದವರು

ನಮ್ಮ ಕಾಲದಲ್ಲಿ ಆ ಕತ್ತಿಯನ್ನು ಕೇಳಿದವರು ಎಚ್. ನರಸಿಂಹಯ್ಯ. ಗೌರಿಬಿದನೂರು ಸೀಮೆಯ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬದುಕಿನ ಬಹುಭಾಗ ಕಳೆದ ಗಾಂಧಿವಾದಿ. ಖಾದಿ, ಟೋಪಿ, ಸರಳತೆಯಲ್ಲಿ ಯಾವ ಸನ್ಯಾಸಿಗೂ ಕಡಿಮೆಯಿರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡುವ ಸಮಿತಿಯೊಂದು ಅವರ ನೇತೃತ್ವದಲ್ಲಿ ರಚನೆಯಾಯಿತು. ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದು, ಸಮಿತಿಯ ಮುಂದೆ ಪವಾಡ ಮಾಡಿ ತೋರಿಸುವಂತೆ ಕೇಳಿದರು. ಉತ್ತರ ಬರಲಿಲ್ಲ. ಉಂಗುರ, ವಿಭೂತಿ ಬೇಡ, ಒಂದು ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಮಾತು ಆಗ ಮನೆಮಾತಾಯಿತು. ಜನ ನಕ್ಕರು. ನನಗೆ ಅದು ಒಬ್ಬ ಭೌತವಿಜ್ಞಾನಿ ಬಹಳ ಯೋಚಿಸಿ ರೂಪಿಸಿದ ಪ್ರಯೋಗವಾಗಿ ಕಾಣುತ್ತದೆ. ಶೂನ್ಯದಿಂದ ವಸ್ತುವನ್ನು ಸೃಷ್ಟಿಸುವ ಶಕ್ತಿ ಇದ್ದರೆ ಅದಕ್ಕೆ ಗಾತ್ರದ ಹಂಗು ಇರಬೇಕಿಲ್ಲ. ಅಂಗೈಯಲ್ಲಿ, ತೋಳಿನಲ್ಲಿ ಅಡಗುವ ವಸ್ತುಗಳಷ್ಟೇ ಬರುತ್ತಿದ್ದರೆ ಮೂಲ ಶೂನ್ಯವಲ್ಲ, ತೋಳು. ಒಂದು ತರಕಾರಿಯ ಹೆಸರಿನಿಂದ ಎರಡು ಊಹೆಗಳನ್ನು ಬೇರ್ಪಡಿಸಿದ್ದರು ಅವರು.

ಅದೇ 1976ರಲ್ಲಿ ಸಂವಿಧಾನಕ್ಕೆ 42ನೆಯ ತಿದ್ದುಪಡಿಯಾಗಿ, ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಗುಣವನ್ನೂ ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯಗಳ ಸಾಲಿಗೆ ಸೇರಿತು. ಕರ್ತವ್ಯ ಮಾಡಿದವರಿಗೆ ಸಿಕ್ಕಿದ್ದು ಏನೆಂದು ನಮಗೆ ಗೊತ್ತಿದೆ. 2013ರ ಆಗಸ್ಟ್‌ನಲ್ಲಿ ಪುಣೆಯಲ್ಲಿ, ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಗುಂಡಿಗೆ ಬಲಿಯಾದರು. ಎರಡು ವರ್ಷದ ನಂತರ ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಎಂ. ಎಂ. ಕಲಬುರ್ಗಿ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಇದನ್ನು ಬಿಟ್ಟು ಈ ವಿಷಯ ಬರೆಯಲಾಗದು.

ಪರೀಕ್ಷೆ ಎಂದರೆ ಯಂತ್ರಗಳನ್ನು ಜೋಡಿಸುವುದಷ್ಟೇ ಅಲ್ಲ. ಗುಜರಾತಿನ ಪ್ರಹ್ಲಾದ್ ಜಾನಿ ಅವರು ದಶಕಗಳಿಂದ ಅನ್ನ ನೀರು ಮುಟ್ಟಿಲ್ಲ ಎಂದಾಗ 2010ರಲ್ಲಿ ಅಹಮದಾಬಾದಿನ ಆಸ್ಪತ್ರೆಯೊಂದರಲ್ಲಿ 15 ದಿನ ಅವರನ್ನು ಇರಿಸಿಕೊಂಡು, ಕ್ಯಾಮೆರಾ ಇಟ್ಟು, ರಕ್ಷಣಾ ಸಂಶೋಧನೆಯ ಡಿಆರ್‌ಡಿಒದ ಸಂಸ್ಥೆಯೂ ಸೇರಿ ಗಮನಿಸಿದ್ದು ದೊಡ್ಡ ಸುದ್ದಿಯಾಯಿತು. ಬಾಯಿ ಮುಕ್ಕಳಿಸಲು, ಸ್ನಾನ ಮಾಡಲು ಅವರಿಗೆ ಅವಕಾಶವಿತ್ತು. ನೀರು ಕುಡಿಯುವುದಿಲ್ಲ ಎಂಬುದೇ ಪರೀಕ್ಷೆಯ ವಿಷಯವಾಗಿರುವಾಗ ಬಾಯಿಗೆ ನೀರು ಕೊಟ್ಟ ಮೇಲೆ ಉಳಿದ ಕ್ಯಾಮೆರಾಗಳೆಲ್ಲ ಏನನ್ನು ಕಾಯುತ್ತವೆ? ಅವರು ಕ್ಯಾಮೆರಾ ಕಣ್ಣಿನಿಂದ ಆಚೆ ಹೋಗಿಬರುತ್ತಿದ್ದರು ಎಂಬ ಆಕ್ಷೇಪವನ್ನೂ ವಿಚಾರವಾದಿಗಳು ಎತ್ತಿದರು. ವಿಜ್ಞಾನಿಗಳಿಗೆ ಮೋಸ ಮಾಡದ ಪ್ರಕೃತಿಯೊಡನೆ ಕೆಲಸ ಮಾಡಿ ರೂಢಿ. ಹೀಗಾಗಿ ಇಂಥ ಕಡೆ ಜಾದೂಗಾರರು ಇರಲೇಬೇಕು. ಬಿ. ಪ್ರೇಮಾನಂದ್ ಊರೂರು ಸುತ್ತಿ ತೋರಿಸಿದ ಹಾಗೆ, ಬೂದಿಯನ್ನು ಗಂಜಿಯಲ್ಲಿ ಕಲಸಿ ಒಣಗಿಸಿದ ಗುಳಿಗೆ ಬೆರಳ ಸಂದಿಯಲ್ಲಿದ್ದರೆ ಸಾಕು, ಒತ್ತಿದಾಗ ಪುಡಿಯಾಗಿ ಉದುರುತ್ತದೆ. ಅದನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಬೂದಿ ಎಂದೇ ವರದಿ ಬರುತ್ತದೆ.

ಪರೀಕ್ಷೆಯಲ್ಲಿ ಸೋತಾಗ ಬರುವ ಉತ್ತರಗಳನ್ನೂ ಗಮನಿಸಬೇಕು. 1966ರಲ್ಲಿ ಮುಂಬಯಿಯಲ್ಲಿ ಹಠಯೋಗಿ ಎಲ್. ಎಸ್. ರಾವ್ ಅವರು ನೀರಿನ ಮೇಲೆ ನಡೆಯುತ್ತೇನೆಂದು ಸಾರಿದಾಗ ನೂರಾರು ರೂಪಾಯಿ ಟಿಕೆಟ್ ಕೊಟ್ಟ ಜನ ಸೇರಿದರು. ರಾವ್ ಕಾಲಿಟ್ಟರು, ಸೀದಾ ಮುಳುಗಿದರು. ನಿಮ್ಮಲ್ಲಿ ಯಾರೋ ನಂಬಿಕೆಯಿಲ್ಲದವರು ಇದ್ದಾರೆ ಎಂದು ಸಭಿಕರತ್ತ ಬೆರಳು ತೋರಿದರೆಂದು ಆಗಿನ ವರದಿಗಳಲ್ಲಿದೆ. 2008ರಲ್ಲಿ ಟಿವಿಯ ನೇರಪ್ರಸಾರದಲ್ಲಿ ತಾಂತ್ರಿಕನೊಬ್ಬ ಮಂತ್ರಬಲದಿಂದ ವಿಚಾರವಾದಿ ಸನಲ್ ಎಡಮರುಕು ಅವರನ್ನು ಕೊಲ್ಲಲು ಗಂಟೆಗಟ್ಟಲೆ ಪ್ರಯತ್ನಿಸಿದ. ಆಗದಿದ್ದಾಗ, ಇವರು ಪೂಜಿಸುವ ಯಾವುದೋ ಬಲವಾದ ದೇವರು ಕಾಯುತ್ತಿದೆ ಎಂದ. ತಾನು ನಾಸ್ತಿಕ ಎಂದರು ಸನಲ್. ಇಂಥ ವಿವರಣೆಗಳಿಗೆ ಎಂದೂ ಕೊರತೆಯಾಗದು, ಏಕೆಂದರೆ ಯಾವ ಫಲಿತಾಂಶ ಬಂದರೆ ಸೋತಂತೆ ಎಂದು ಮೊದಲೇ ಯಾರೂ ಬರೆದುಕೊಟ್ಟಿರುವುದಿಲ್ಲ. ಶ್ರೀಲಂಕಾದಲ್ಲಿ ನೆಲೆಸಿದ್ದ ವಿಚಾರವಾದಿ ಅಬ್ರಹಾಂ ಕೋವೂರ್ 1963ರಿಂದ ಪವಾಡ ಮಾಡಿ ತೋರಿಸುವವರಿಗೆ ಒಂದು ಲಕ್ಷ ರೂಪಾಯಿಯ ಸವಾಲು ಇಟ್ಟು, ಷರತ್ತುಗಳನ್ನು ಬರೆದು ಪ್ರಕಟಿಸಿದ್ದು ಅದಕ್ಕೇ. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಹಣವನ್ನು ಗೆದ್ದವರಿಲ್ಲ. ಯಾರಾದರೂ ಗೆದ್ದಿದ್ದರೆ ನನಗೆ ನಿಜಕ್ಕೂ ಸಂತೋಷವಾಗುತ್ತಿತ್ತು. ಒಬ್ಬ ಮನುಷ್ಯ ನೆಲದಿಂದ ಒಂದು ಗೇಣು ಏಳಲಿ, ಕೆಳಗೂ ಮೇಲೂ ಏನೂ ಇಲ್ಲವೆಂದು ಖಾತ್ರಿಯಾಗಲಿ, ಗುರುತ್ವದ ಬಗ್ಗೆ ನಾವು ಕಲಿತದ್ದನ್ನೆಲ್ಲ ಮತ್ತೆ ಮೊದಲಿಂದ ಬರೆಯಬೇಕಾಗುತ್ತದೆ. ಅಂಥ ದಿನವನ್ನು ಕಾಣಲು ಯಾವ ವಿಜ್ಞಾನಿ ಬೇಡವೆಂದಾನು?

ಕಣ್ಣಿಗೆ ಪಟ್ಟಿ

ಈಗ ಸಿದ್ಧಿಗಳು ಆಶ್ರಮದಿಂದ ಟ್ಯೂಷನ್ ಕ್ಲಾಸಿಗೆ ಬಂದಿವೆ. ಮಕ್ಕಳ ಮೂರನೆಯ ಕಣ್ಣು ತೆರೆಸುತ್ತೇವೆ, ಕಣ್ಣಿಗೆ ಪಟ್ಟಿ ಕಟ್ಟಿದರೂ ಓದುತ್ತಾರೆ, ಬಣ್ಣ ಗುರುತಿಸುತ್ತಾರೆ ಎನ್ನುವ 'ಮಿಡ್‌ಬ್ರೈನ್ ಆಕ್ಟಿವೇಶನ್' ಶಿಬಿರಗಳು ಊರೂರಲ್ಲೂ ನಡೆದಿವೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇವುಗಳಿಗೆ ಬಹಿರಂಗ ಸವಾಲು ಹಾಕುತ್ತಾ ಬಂದಿದ್ದಾರೆ. ಗುಟ್ಟು ಸರಳ. ಮೂಗಿನ ಎರಡೂ ಬದಿಗೆ ಪಟ್ಟಿ ಪೂರ್ತಿ ಅಂಟುವುದಿಲ್ಲ, ಕೆಳಗೆ ಒಂದು ಸಂದು ಉಳಿಯುತ್ತದೆ, ಗಲ್ಲ ಸ್ವಲ್ಪ ಎತ್ತಿದರೆ ಮಡಿಲಲ್ಲಿರುವ ಪುಸ್ತಕ ಕಾಣುತ್ತದೆ. ಆ ಸಂದನ್ನು ಮುಚ್ಚಿದರೆ ಮೂರನೆಯ ಕಣ್ಣೂ ಮುಚ್ಚುತ್ತದೆ.

ಪರಿಚಯದವರ ಮನೆಯಲ್ಲಿ ಅವರ ಮಗಳು ಹೀಗೆ ಓದಿ ತೋರಿಸಿದಳು. ಒಂಬತ್ತೋ ಹತ್ತೋ ವರ್ಷದವಳು, ಚುರುಕು. ಪಟ್ಟಿ ಕಟ್ಟಿಕೊಂಡು ಪತ್ರಿಕೆಯ ತಲೆಬರಹ ಓದಿದಳು, ಕಾರ್ಡುಗಳ ಬಣ್ಣ ಹೇಳಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಗಲ್ಲ ಮೇಲೆದ್ದಿತ್ತು. ನಾನು ಒಂದು ಕಾರ್ಡನ್ನು ಅವಳ ಹಣೆಯ ಮಟ್ಟಕ್ಕೆ ಹಿಡಿದು ಇದರ ಬಣ್ಣ ಹೇಳಮ್ಮ ಅಂದೆ. ಮೂರನೆಯ ಕಣ್ಣು ಇರಬೇಕಾದ ಜಾಗ ಅದೇ ತಾನೆ. ಮಗು ಸುಮ್ಮನಾಯಿತು. ಪಟ್ಟಿ ಕಟ್ಟಿದ್ದರೂ ಮುಖ ಅಮ್ಮನಿದ್ದ ಕಡೆಗೆ ತಿರುಗಿತು. "ಇವತ್ತು ಎನರ್ಜಿ ಕಮ್ಮಿ ಇದೆ ಅಂಕಲ್" ಅಂದಳು. ಆ ವಾಕ್ಯ ಅವಳದಲ್ಲ, ಶಿಬಿರದಲ್ಲಿ ಕಲಿಸಿದ್ದು. ಅಲ್ಲಿಗೆ ನಾನು ನಿಲ್ಲಿಸಿದೆ. ಹತ್ತು ಜನರ ಮುಂದೆ ಮಗುವನ್ನು ಸೋಲಿಸುವುದು ನನ್ನ ಕೆಲಸವಲ್ಲ.

ಮಾರನೆಯ ದಿನ ಅವಳ ಅಮ್ಮ ಫೋನ್ ಮಾಡಿದರು. ಕಟ್ಟಿದ ಫೀಸು ಕಡಿಮೆಯಲ್ಲ, ಅದಕ್ಕಿಂತ ಹೆಚ್ಚಾಗಿ ಅವರಿಗೆ ಭಯವಾಗಿತ್ತು. "ಹಾಗಾದ್ರೆ ನನ್ನ ಮಗಳು ಇಷ್ಟು ದಿನ ನಮಗೆ ಸುಳ್ಳು ಹೇಳ್ತಾ ಇದ್ಲಾ?" ಇಲ್ಲ, ಬೈಯಬೇಡಿ ಅಂದೆ. ಮೊದಲ ದಿನ ಅವಳಿಗೆ ಸಂದಿನಲ್ಲಿ ಏನೋ ಕಂಡಿರುತ್ತದೆ. ಅದನ್ನೇ ದೊಡ್ಡವರು ಶಕ್ತಿ ಎಂದು ಕರೆದು ಚಪ್ಪಾಳೆ ತಟ್ಟಿದ್ದಾರೆ. ಅಲ್ಲಿಂದ ಹಿಂದೆ ಬರುವ ದಾರಿಯನ್ನು ಆ ಮಗುವಿಗೆ ಯಾರೂ ಉಳಿಸಿಲ್ಲ. ನೀವೇ ಪಟ್ಟಿ ಕಟ್ಟಿಕೊಂಡು ಅವಳ ಮುಂದೆ ಕೂತು ಓದಲು ಪ್ರಯತ್ನಿಸಿ, ಬೇರೇನೂ ಕೇಳಬೇಡಿ ಅಂದೆ. ಅವರು ಹಾಗೆಯೇ ಮಾಡಿದರಂತೆ. ತಾಯಿ ತಡವರಿಸುವುದನ್ನು ಸ್ವಲ್ಪ ಹೊತ್ತು ನೋಡಿದ ಹುಡುಗಿ ಹತ್ತಿರ ಬಂದು, ಅವರ ಗಲ್ಲವನ್ನು ಎರಡು ಬೆರಳಿನಿಂದ ಮೇಲೆತ್ತಿ, "ಹಾಗಲ್ಲಮ್ಮ, ಮೂಗಿನ ಪಕ್ಕದಲ್ಲಿ ನೋಡು. ಈಗ ಕಾಣ್ತಾ?" ಎಂದು ಕೇಳಿದಳಂತೆ.